ಗೋಧಿ ಬಿಯರಿಗೆ ಮೂಗೇ ಗುರು

ಹುಣಸೂರಿನ ಬಸ್ ಸ್ಟ್ಯಾಂಡ್ ಆಸುಪಾಸಿನ ಯಾವ ವೈನ್ ಸ್ಟೋರಿಗೆ ಸಂಜೆ ಹೊತ್ತು ಹೋದರೂ ಕಿವಿಗೆ ಬೀಳುವ ಮಾತು ಒಂದೇ: "ಒಂದು ಸ್ಟ್ರಾಂಗ್ ಕೊಡಣ್ಣ, ಚಿಲ್ಡ್ ಇರೋದು." ಬಿಯರ್ ಅಂದರೆ 650 ಮಿಲಿಯ ಬಾಟಲಿ, ಸ್ಟ್ರಾಂಗ್ ಅಂದರೆ ಕಿಕ್ಕು, ಚಿಲ್ಡ್ ಅಂದರೆ ಕೈಯಲ್ಲಿ ಹಿಡಿಯಲಾರದಷ್ಟು ತಣ್ಣಗೆ. ರುಚಿಯ ಸುದ್ದಿ ಇದರಲ್ಲಿ ಎಲ್ಲೂ ಬರುವುದಿಲ್ಲ. ಅದೇ ಅಂಗಡಿಯ ಫ್ರಿಜ್ಜಿನ ಮೂಲೆಯಲ್ಲಿ ಈಚೆಗೆ ವೈಟ್, ವಿಟ್, ವೀಟ್ ಅಂತ ಬರೆದ ಸಣ್ಣ ಬಾಟಲಿಗಳು, ಡಬ್ಬಿಗಳು ಕಾಣಿಸಿಕೊಂಡಿವೆ. ಏನದು ಅಂತ ಕೇಳಿದರೆ ಸಿಗುವ ಉತ್ತರವೂ ಒಂದೇ: "ಅದು ಗೋಧಿದು ಸಾರ್, ಕಿಕ್ ಇರಲ್ಲ."

ನಾನು ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ನನ್ನ ಹಳೆಯ ಹುಡುಗರು ಈಗ ಬೆಂಗಳೂರಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬಂದಾಗ ಚೀಲದಲ್ಲಿ ನಾಲ್ಕು ಡಬ್ಬಿ ತಂದು, "ಸಾರ್, ಇದರಲ್ಲಿ ಒಳ್ಳೇದು ಯಾವುದು, ಹೆಂಗೆ ಗೊತ್ತಾಗುತ್ತೆ?" ಅಂತ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಕುಡಿಯುವ ಅಭ್ಯಾಸ ಇಲ್ಲದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. 21 ತುಂಬದವರಿಗೆ ನಮ್ಮ ರಾಜ್ಯದಲ್ಲಿ ಮಾರುವಂತೆಯೂ ಇಲ್ಲ. ಹೇಗಿದ್ದರೂ ಕುಡಿಯುವವರು, ಕುಡಿಯುವುದನ್ನು ಗೊತ್ತಿದ್ದು ಕುಡಿಯಲಿ ಎಂಬುದಷ್ಟೇ ಈ ಪಾಠ.

ಮಾಲ್ಟ್ ಅಂದರೇನು ಅಂತ ಪೇಟೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಬೇಕಿಲ್ಲ. ಕೂಸಿಗೆ ರಾಗಿ ಮಾಲ್ಟ್ ಮಾಡದ ಮನೆ ಹುಣಸೂರು, ಎಚ್.ಡಿ. ಕೋಟೆ ಕಡೆ ಇಲ್ಲ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುತ್ತಾರೆ. ಆ ಹಿಟ್ಟಿನ ಅಂಬಲಿ ಬರೀ ರಾಗಿ ಹಿಟ್ಟಿನದಕ್ಕಿಂತ ತೆಳ್ಳಗೂ ಸಿಹಿಯಾಗೂ ಇರುತ್ತದೆ. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡಿರುತ್ತವೆ, ಅದಕ್ಕೇ ಆ ಸಿಹಿ. ಬಿಯರಿನವರು ಇದೇ ಕೆಲಸವನ್ನು ಬಾರ್ಲಿಗೆ ಮಾಡುತ್ತಾರೆ. ಮೊಳಕೆ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ತಾಸು ನೆನೆಸುತ್ತಾರೆ. ಸಿಹಿ ನೀರು ಬಸಿದು, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಈಸ್ಟ್ ಬಿಡುತ್ತಾರೆ. ಈಸ್ಟ್ ಸಕ್ಕರೆ ತಿಂದು ಮದ್ಯವನ್ನೂ ಗಾಳಿಯನ್ನೂ ಬಿಡುತ್ತದೆ. ಬಾರ್ಲಿಯ ಜೊತೆಗೆ ದೊಡ್ಡ ಪಾಲು ಗೋಧಿಯನ್ನೂ ಸೇರಿಸಿದರೆ ಅದು ಗೋಧಿ ಬಿಯರ್.

ಇಲ್ಲೊಂದು ಭಾಷೆಯ ಗೊಂದಲ. ಕನ್ನಡದಲ್ಲಿ ಜವೆ ಗೋಧಿ ಅಂದರೆ ಕೆಲವರಿಗೆ ಬಾರ್ಲಿ. ಉತ್ತರ ಕರ್ನಾಟಕದವರಿಗೆ ಅದು ಹುಗ್ಗಿಗೆ ಬಳಸುವ ಹಳೆಯ ಗೋಧಿ ತಳಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1029 ಎಂಬ ತಳಿ ಬಿಡುಗಡೆ ಮಾಡಿದ್ದು ಆ ಗೋಧಿಯಲ್ಲೇ. ಹಾಗಾಗಿ ಯಾರಾದರೂ "ಎಲ್ಲಾ ಬಿಯರೂ ಜವೆ ಗೋಧಿದೇ ಅಲ್ವಾ" ಅಂದರೆ ಜಗಳಕ್ಕೆ ಹೋಗಬೇಡಿ, ಯಾವ ಊರಿನವರು ಅಂತ ಕೇಳಿ.

ಬರೀ ಗೋಧಿಯಿಂದಲೇ ಯಾಕೆ ಮಾಡಬಾರದು? ಕೆ.ಆರ್. ನಗರದ ಭತ್ತದ ಕಣ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಬಡಿದರೂ ಭತ್ತಕ್ಕೆ ಹೊಟ್ಟು ಅಂಟಿಕೊಂಡೇ ಇರುತ್ತದೆ, ಬಾರ್ಲಿಗೂ ಹಾಗೇ. ಗೋಧಿ ಮಾತ್ರ ಕಣದಲ್ಲೇ ಬೆತ್ತಲೆ. ಬಾರ್ಲಿಯ ಹೊಟ್ಟು ಪಾತ್ರೆಯ ತಳದಲ್ಲಿ ಕೂತು ಜರಡಿಯಾಗಿ ಸಿಹಿ ನೀರನ್ನು ಬಸಿಯಲು ಬಿಡುತ್ತದೆ. ಬರೀ ಗೋಧಿ ಹಾಕಿದರೆ ಜರಡಿ ಇಲ್ಲ, ಎಲ್ಲಾ ಸೇರಿ ಪೋಸ್ಟರ್ ಅಂಟಿಸುವ ಸರಿಯಂತೆ ಆಗಿ ಕೂರುತ್ತದೆ. ಅದಕ್ಕೇ ಬಾರ್ಲಿಯ ಆಸರೆ ಬೇಕು. ಜರ್ಮನಿಯಲ್ಲಿ ಗೋಧಿ ಬಿಯರ್ ಅನ್ನಿಸಿಕೊಳ್ಳಬೇಕಾದರೆ ಮಾಲ್ಟಿನಲ್ಲಿ ಕಡೇಪಕ್ಷ ಅರ್ಧ ಗೋಧಿ ಇರಬೇಕು. ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ, ಹಾಗಾಗಿ ನೊರೆ ದಪ್ಪ, ಬಣ್ಣ ಮಬ್ಬು, ಬಾಯಿಗೆ ಮೃದು. ಎಳನೀರಿನಂತೆ ತಿಳಿಯಾಗಿಲ್ಲ ಅಂತ ಬಾಟಲಿ ವಾಪಸ್ ಕೊಟ್ಟವರನ್ನು ನೋಡಿದ್ದೇನೆ. ಅದರ ಗುಣವೇ ಆ ಮಬ್ಬು.

ಗೋಧಿ ಬಿಯರಿಗೆ ಮುಖ್ಯವಾಗಿ ಎರಡು ಮನೆತನ. ಇವೆರಡನ್ನು ಬೇರೆ ಮಾಡಿ ಗುರುತಿಸಲು ಬಂದರೆ ಮುಕ್ಕಾಲು ಪಾಠ ಮುಗಿದ ಹಾಗೆ.

ಮೊದಲನೆಯದು ಜರ್ಮನಿಯ ಬವೇರಿಯಾದ್ದು. ಲೇಬಲ್ಲಿನಲ್ಲಿ ಹೆಫೆವೈಟ್ಸನ್ ಅಥವಾ ವೈಸ್‌ಬಿಯರ್ ಅಂತ ಇರುತ್ತದೆ. ಹೆಫೆ ಎಂದರೆ ಈಸ್ಟ್, ವೈಟ್ಸನ್ ಎಂದರೆ ಗೋಧಿ. ಒಳ್ಳೆಯದೊಂದರ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿ ಮೂಗು ಇಟ್ಟರೆ ಮೊದಲು ಬರುವುದು ಮಾಗಿದ ಬಾಳೆಹಣ್ಣು. ಹಿಂದೆಯೇ ಲವಂಗ. ನಂಜನಗೂಡು ರಸಬಾಳೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದ ದಿನ ಹಿತ್ತಲ ಬಾಗಿಲಲ್ಲಿ ಬರುವ ಪರಿಮಳ ನೆನಪಿದೆಯಾ, ಹತ್ತಿರಹತ್ತಿರ ಅದು. ಊಟವಾದ ಮೇಲಿನ ಬೀಡಾದಲ್ಲಿ ಲವಂಗ ಹಲ್ಲಿಗೆ ಸಿಕ್ಕಾಗ ಬರುವ ಘಾಟು ಅದರ ಜೊತೆಗೆ. ಆದರೆ ಬಾಟಲಿಯೊಳಗೆ ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಎರಡೂ ಈಸ್ಟಿನ ಕೈವಾಡ. ಬಾಳೆಯ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರಿನದು, ಹಣ್ಣಿನಲ್ಲೂ ಇರುವುದು ಅದೇ ಸಂಯುಕ್ತ. ಕಾಳಿನ ಫೆರುಲಿಕ್ ಆಮ್ಲವನ್ನು ಈ ಜಾತಿಯ ಈಸ್ಟ್ 4-ವಿನೈಲ್ ಗ್ವಾಯಕಾಲ್ ಆಗಿ ಮಾರ್ಪಡಿಸುವುದರಿಂದ ಲವಂಗದ ವಾಸನೆ. ಹುದುಗಿಸುವಾಗ ತುಸು ಬಿಸಿ ಹೆಚ್ಚಾದರೆ ಬಾಳೆ ಮುಂದೆ ಬರುತ್ತದೆ, ತಣ್ಣಗಿದ್ದರೆ ಲವಂಗ. ಒಂದೇ ಹಿಟ್ಟಿನ ಇಡ್ಲಿ ಚಳಿಗಾಲದಲ್ಲಿ ಒಂದು ರುಚಿ, ಬೇಸಗೆಯಲ್ಲಿ ಇನ್ನೊಂದು ರುಚಿ ಆಗುವುದಿಲ್ಲವೇ, ಹಾಗೆ.

ಎರಡನೆಯದು ಬೆಲ್ಜಿಯಂನ ವಿಟ್‌ಬಿಯರ್, ಅಂದರೆ ಬಿಳಿ ಬಿಯರ್. ಇದಕ್ಕೆ ಮೊಳಕೆ ಬರಿಸದ ಹಸಿ ಗೋಧಿ ಹಾಕುತ್ತಾರೆ, ಕುದಿಯುವಾಗ ಜಜ್ಜಿದ ಕೊತ್ತಂಬರಿ ಬೀಜ, ಒಣಗಿದ ಕಿತ್ತಳೆ ಸಿಪ್ಪೆ ಸೇರಿಸುತ್ತಾರೆ. ಎರಡೂ ನಮಗೇನು ಹೊಸದೇ? ಕೊತ್ತಂಬರಿ ಬೀಜ ಸಾರಿನ ಪುಡಿಯ ಡಬ್ಬಿಯಲ್ಲಿದೆ, ಕಿತ್ತಳೆ ಪಿರಿಯಾಪಟ್ಟಣದ ಗಡಿ ದಾಟಿದರೆ ಕೊಡಗಿನ ತೋಟದಲ್ಲಿದೆ. ಕೊತ್ತಂಬರಿಯನ್ನು ಹುರಿಯದೆ ಹಾಗೇ ಅಂಗೈಯಲ್ಲಿ ಉಜ್ಜಿ ಮೂಸಿ, ನಿಂಬೆಯ ಕಡೆಗೆ ವಾಲುವ ಒಂದು ವಾಸನೆ ಬರುತ್ತದೆ. ವಿಟ್‌ಬಿಯರಿನಲ್ಲಿ ಹುಡುಕಬೇಕಾದ್ದು ಅದನ್ನೇ. ಹೊಸಬರಿಗೆ ನಾನು ಮೊದಲು ಕೊಡುವುದು ಇದು. ಕಹಿ ತೀರ ಕಡಿಮೆ, ಹುಳಿಯ ಒಂದು ಎಳೆ, ಹಗುರ.

ಈ ಎರಡೂ ಮನೆತನ ಒಂದೊಂದು ಸಲ ನಿರ್ನಾಮದ ಅಂಚಿಗೆ ಹೋಗಿ ಬಂದವು. ಬವೇರಿಯಾದಲ್ಲಿ 1516ರ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೆ ಏನೂ ಸೇರಕೂಡದು ಅಂದಿತು. ಗೋಧಿ ರೊಟ್ಟಿಗಿರಲಿ ಎಂಬ ಲೆಕ್ಕಾಚಾರ. ಆದರೆ ಡೇಗೆನ್‌ಬರ್ಗ್ ಎಂಬ ಪಾಳೆಯಗಾರ ಮನೆತನಕ್ಕೆ ಮಾತ್ರ ಗೋಧಿ ಬಿಯರಿನ ಹಕ್ಕು ಇತ್ತು. ಆ ವಂಶ ನಿಂತುಹೋದಾಗ, 1602ರಲ್ಲಿ, ಹಕ್ಕು ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಕೈಗೆ ಬಂತು. ಪ್ರಜೆಗಳಿಗೆ ನಿಷೇಧ, ಅರಮನೆಗೆ ಏಕಸ್ವಾಮ್ಯ! ಖಜಾನೆ ಚೆನ್ನಾಗಿ ತುಂಬಿತು. ಕಾಲಾಂತರದಲ್ಲಿ ಜನರ ರುಚಿ ಬೇರೆ ಬಿಯರುಗಳತ್ತ ಹೊರಳಿ ವ್ಯಾಪಾರ ಬಿದ್ದುಹೋಯಿತು. 1872ರಲ್ಲಿ ಗಿಯೋರ್ಗ್ ಶ್ನೈಡರ್ ಎಂಬುವರು ಆ ಹಕ್ಕನ್ನು ರಾಜನಿಂದ ಪಡೆದುಕೊಂಡು ಗೋಧಿ ಬಿಯರನ್ನು ಉಳಿಸಿದರು. ಶ್ನೈಡರ್ ಹೆಸರಿನ ಬಿಯರ್ ಇವತ್ತಿಗೂ ಇದೆ. ಬೆಲ್ಜಿಯಂನ ಕಥೆ ಇನ್ನೂ ಈಚಿನದು. ಹೂಗಾರ್ಡನ್ ಎಂಬ ಊರಲ್ಲಿ ಬಿಳಿ ಬಿಯರ್ ಮಾಡುತ್ತಿದ್ದ ಕೊನೆಯ ಭಟ್ಟಿಯೂ 1950ರ ದಶಕದಲ್ಲಿ ಬಾಗಿಲು ಹಾಕಿತು. ಹುಡುಗನಾಗಿದ್ದಾಗ ಆ ಭಟ್ಟಿಯಲ್ಲಿ ಕೈ ಆಡಿಸಿದ್ದ ಹಾಲು ವ್ಯಾಪಾರಿ ಪಿಯರ್ ಸೆಲಿಸ್ 1960ರ ದಶಕದ ನಡುವೆ ನೆನಪಿನಿಂದಲೇ ಮತ್ತೆ ಮಾಡತೊಡಗಿದರು. 1985ರಲ್ಲಿ ಭಟ್ಟಿಗೆ ಬೆಂಕಿ ಬಿತ್ತು. ದೊಡ್ಡ ಕಂಪನಿ ದುಡ್ಡು ಹಾಕಿತು, ಕೊನೆಗೆ ಕೊಂಡೇಬಿಟ್ಟಿತು. ಅದೇ ಹೂಗಾರ್ಡನ್ ಈಗ ನಮ್ಮ ಅಂಗಡಿಗಳಿಗೂ ಬರುತ್ತದೆ. ಆ ಹೆಸರನ್ನು ಅಲ್ಲಿನವರು ಬೇರೆ ಥರ ಉಚ್ಚರಿಸುತ್ತಾರೆ. ನಮ್ಮ ಕಿವಿಗೆ ಅದು ಹೂಗಾರರ ತೋಟದಂತೆ ಕೇಳುತ್ತದೆ, ಹಾಗೇ ಇರಲಿ.

ಉಳಿದ ದಾಯಾದಿಗಳನ್ನು ಹೆಸರಲ್ಲಿ ಗುರುತಿಸಿದರೆ ಸದ್ಯಕ್ಕೆ ಸಾಕು. ಡುಂಕೆಲ್ ಅಂದರೆ ಕಪ್ಪು ಮಾಲ್ಟಿನದು, ಕ್ರಿಸ್ಟಲ್ ಅಂದರೆ ಸೋಸಿ ತಿಳಿ ಮಾಡಿದ್ದು, ವೈಟ್ಸನ್‌ಬಾಕ್ ಅಂದರೆ ಗಟ್ಟಿ ಮದ್ಯ. ಬರ್ಲಿನರ್ ವೈಸೆ ಮಜ್ಜಿಗೆಯ ಹುಳಿಯದು, ಗೋಸೆಗೆ ಉಪ್ಪೂ ಬೀಳುತ್ತದೆ. ಅಮೆರಿಕನ್ ವೀಟ್ ಅಂತ ಬರೆದಿದ್ದರೆ ಬಾಳೆ, ಲವಂಗ ಹುಡುಕಬೇಡಿ, ಅದರ ಈಸ್ಟ್ ಬೇರೆ.

ಕರ್ನಾಟಕಕ್ಕೂ ಬಿಯರಿಗೂ ಇರುವ ನಂಟು ಹಳೆಯದು. ಕಿಂಗ್‌ಫಿಷರ್ ಮಾಡುವ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ 1915ರಲ್ಲಿ ಹುಟ್ಟಿದ್ದು. ನಮ್ಮದೇ ಮೈಸೂರು ಜಿಲ್ಲೆಯ ನಂಜನಗೂಡಿನಲ್ಲೂ ಅವರ ಕಾರ್ಖಾನೆ ಇದೆ. ಆದರೆ ಗೋಧಿ ಬಿಯರನ್ನು ಕನ್ನಡಿಗರ ನಾಲಿಗೆಗೆ ಹತ್ತಿಸಿದ್ದು ಬೆಂಗಳೂರಿನ ಮೈಕ್ರೋಬ್ರೂವರಿಗಳು, ಅಂದರೆ ಅಲ್ಲೇ ಭಟ್ಟಿ ಇಟ್ಟು ಅಲ್ಲೇ ಸುರಿದು ಕೊಡುವ ಪಬ್ಬುಗಳು. ಬೀರ್ ಕ್ಲಬ್, ಇಂದಿರಾನಗರದ ಟಾಯ್ಟ್ ಮುಂತಾದವು 2010-11ರ ಹೊತ್ತಿಗೆ ಶುರುವಾದವು. ಟಾಯ್ಟ್‌ನಲ್ಲಿ ಬವೇರಿಯಾ ಥರದ್ದೂ ಬೆಲ್ಜಿಯಂ ಥರದ್ದೂ ಎರಡೂ ಸಿಗುತ್ತವೆ. ಪಕ್ಕಪಕ್ಕ ಇಟ್ಟು ಮೂಸಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬೆಂಗಳೂರಿನದೇ ಆದ ಗೈಸ್ಟ್ ಕೂಡ ವಿಟ್ಟಿ ವಿಟ್, ವೈಸ್ ಗೈ ಎಂದು ಎರಡೂ ಮನೆತನದ್ದನ್ನು ಮಾಡುತ್ತದೆ. ಬಾಟಲಿಯಲ್ಲಿ ಗೋಧಿ ಬಿಯರನ್ನು ತಾಲ್ಲೂಕು ಮಟ್ಟದವರೆಗೂ ತಂದದ್ದು 2015ರಲ್ಲಿ ಬಂದ ಬೀರಾ 91 ವೈಟ್. ಅದರ ಹಿಂದೆ ಕಿಂಗ್‌ಫಿಷರಿನವರೂ ಅಲ್ಟ್ರಾ ವಿಟ್‌ಬಿಯರ್ ತಂದರು. ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಕೈಗೆ ಸಿಕ್ಕುವುದು ಹೆಚ್ಚಾಗಿ ಇಂಥವೇ. ಕಬಿನಿ ಹಿನ್ನೀರಿನ ರೆಸಾರ್ಟ್ ಬಾರುಗಳಲ್ಲಿ ಜರ್ಮನಿಯ ಬಾಟಲಿಯೂ ಸಿಗಬಹುದು, ಬೆಲೆ ರೆಸಾರ್ಟಿನದ್ದೇ ಇರುತ್ತದೆ.

ಇನ್ನು ಆರಿಸುವ ವಿಷಯ. ಹುಣಸೂರು, ಪಿರಿಯಾಪಟ್ಟಣದವರಿಗೆ ಇದು ಬೇರೆಯವರಿಗಿಂತ ಸುಲಭವಾಗಬೇಕು. ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ ನಮ್ಮದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲ್ ಬಿಚ್ಚಿ ಸೊಪ್ಪು ಎಳೆದು ಬಣ್ಣ ನೋಡಿ, ಬೆರಳಲ್ಲಿ ಹದ ನೋಡಿ, ಮೂಗಿಗೆ ಹಿಡಿದು ಗ್ರೇಡ್ ಹೇಳುವವರು ನಮ್ಮ ಮನೆಮನೆಯಲ್ಲಿದ್ದಾರೆ. ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಒಂದು ರಾತ್ರಿ ಬಿಸಿ ಹೆಚ್ಚುಕಡಿಮೆಯಾದರೆ ಸೊಪ್ಪಿನ ಗತಿ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಯರಿಗೂ ಬಿಸಿಲು, ಶಾಖ, ಕಾಲ ಮೂರೂ ಶತ್ರುಗಳೇ. ಅದರಲ್ಲೂ ಗೋಧಿ ಬಿಯರ್ ಸೂಕ್ಷ್ಮ. ಕೆಡದಂತೆ ಕಾಯುವ ಹಾಪ್ಸ್ ಇದರಲ್ಲಿ ಕಡಿಮೆ, ಮದ್ಯವೂ ಶೇಕಡ 5ರ ಆಸುಪಾಸು. ಇಟ್ಟಷ್ಟೂ ಅದರ ಬಂಡವಾಳವಾದ ಪರಿಮಳವೇ ಮೊದಲು ಹಾರಿಹೋಗುತ್ತದೆ.

ಆದ್ದರಿಂದ ಬ್ರಾಂಡ್ ಕೇಳುವುದಕ್ಕೆ ಮೊದಲು ಬಾಟಲಿ ತಿರುಗಿಸಿ ತಯಾರಾದ ತಾರೀಖು ನೋಡಿ. ಲೇಬಲ್ಲಿನಲ್ಲೋ ಕುತ್ತಿಗೆಯಲ್ಲೋ ಇರುತ್ತದೆ, ಡಬ್ಬಿಯಾದರೆ ತಳದಲ್ಲಿ. ಆರು ತಿಂಗಳ ತನಕ ಬಳಸಬಹುದು ಅಂತ ಬರೆದಿದ್ದರೂ ನನ್ನ ಲೆಕ್ಕ ಮೂರೇ ತಿಂಗಳು. ನಮ್ಮ ರಾಜ್ಯದಲ್ಲಿ ಕಾರ್ಖಾನೆಯಿಂದ ಹೊರಟ ಬಾಟಲಿ ಪಾನೀಯ ನಿಗಮದ ಡಿಪೋಗೆ ಹೋಗಿ, ಅಲ್ಲಿಂದ ಅಂಗಡಿಗೆ ಬರಬೇಕು. ದಾರಿಯಲ್ಲಿ ಎಷ್ಟು ದಿನ ಬಿಸಿಲು ಕಂಡಿದೆಯೋ ಬಲ್ಲವರಾರು. ಸ್ಟ್ರಾಂಗ್ ಬಿಯರ್ ದಿನಕ್ಕೆ ಹತ್ತಾರು ಕೇಸ್ ಖಾಲಿಯಾಗುವ ಅಂಗಡಿಯಲ್ಲಿ ಗೋಧಿದು ವಾರಕ್ಕೆ ನಾಲ್ಕು ಹೋದರೆ ಹೆಚ್ಚು. ಹಾಗಾಗಿ ಹಳೆಯ ಸ್ಟಾಕ್ ನಿಮ್ಮ ಪಾಲಿಗೆ ಬರುವ ಸಂಭವ ಜಾಸ್ತಿ.

ನಾನೇ ಒಮ್ಮೆ ಕೋಟೆ ರಸ್ತೆಯ ಅಂಗಡಿಯೊಂದರಲ್ಲಿ, ಶೋಕೇಸಿನ ಗಾಜಿನ ಹಿಂದೆ ಚೆಂದಾಗಿ ಜೋಡಿಸಿಟ್ಟಿದ್ದ ಬಾಟಲಿಯನ್ನೇ ಕೇಳಿ ಕೊಂಡಿದ್ದೆ. ಮನೆಗೆ ತಂದು ಫ್ರಿಜ್ಜಲ್ಲಿಟ್ಟು ಸಂಜೆ ತೆಗೆದರೆ ನೆಂದ ರಟ್ಟಿನ ಪೆಟ್ಟಿಗೆಯ ವಾಸನೆ. ಅದರಡಿಯಲ್ಲಿ ಇನ್ನೂ ಏನೋ ಕೊಳಕು ಘಾಟು. ರಟ್ಟಿನ ವಾಸನೆ ಗಾಳಿ ಮತ್ತು ಶಾಖದ್ದು. ಘಾಟು ಬೆಳಕಿನದ್ದು, ಹಾಪ್ಸಿನ ಕಹಿ ಬಿಸಿಲಿಗೆ ಒಡೆದು ಗಂಧಕದ ಸಂಯುಕ್ತವಾಗುತ್ತದೆ. ಪಶ್ಚಿಮದವರು ಇದನ್ನು ಸ್ಕಂಕ್ ಎಂಬ ಪ್ರಾಣಿಗೆ ಹೋಲಿಸುತ್ತಾರೆ, ನಮ್ಮ ಕಾಡಲ್ಲಿ ಅದಿಲ್ಲದ್ದೇ ಪುಣ್ಯ. ಅವತ್ತಿನಿಂದ ಶೋಕೇಸಿನ ಬಾಟಲಿ ಮುಟ್ಟುವುದಿಲ್ಲ. ಫ್ರಿಜ್ಜಿನ ಒಳಗಿನದ್ದೇ ಬೇಕು. ಕಂದು ಗಾಜು ಹಸಿರು ಗಾಜಿಗಿಂತ, ಬಿಳಿ ಗಾಜಿಗಿಂತ ಮೇಲು. ಡಬ್ಬಿಗೆ ಬೆಳಕೇ ತಾಗದು, ಸಿಕ್ಕರೆ ಡಬ್ಬಿಯನ್ನೇ ತಗೊಳ್ಳಿ.

ಕಿಕ್ಕಿನ ಮಾತಿಗೆ ಬರೋಣ. ಶೇಕಡ 8ರ 650 ಮಿಲಿ ಸ್ಟ್ರಾಂಗ್ ಬಾಟಲಿಯಲ್ಲಿ ಶುದ್ಧ ಮದ್ಯ 52 ಮಿಲಿ. ಶೇಕಡ 5ರ 330 ಮಿಲಿ ಪಿಂಟ್ ಗೋಧಿ ಬಿಯರಿನಲ್ಲಿ 16.5 ಮಿಲಿ. ಮೂರು ಪಿಂಟ್ ಸೇರಿದರೂ ಆ ಒಂದು ಬಾಟಲಿಗೆ ಸಮ ಬರದು. ಅಂಗಡಿಯವನು ಹೇಳಿದ್ದು ನಿಜ, ಕಿಕ್ ಇಲ್ಲ. ಕಿಕ್ ಬೇಕಾದವರು ಇದಕ್ಕೆ ದುಡ್ಡು ದಂಡ ಮಾಡಬೇಡಿ. ಹಾಗಂತ ಇದು ಷರಬತ್ತೂ ಅಲ್ಲ. ಒಂದು ಪಿಂಟ್ ಕುಡಿದರೂ ಬೈಕ್ ಕೀ ಬೇರೆಯವರ ಕೈಲಿರಲಿ. ಗೋಧಿಯ ಗ್ಲುಟೆನ್ ಒಗ್ಗದವರು ಇದರ ತಂಟೆಗೇ ಹೋಗಬೇಡಿ.

ತಂದಮೇಲೆ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ಕುಡಿಯುವ ಹತ್ತು ನಿಮಿಷ ಮೊದಲು ಫ್ರಿಜ್ಜಿನಿಂದ ಹೊರಗಿಡಿ. ಐಸಿನಷ್ಟು ತಣ್ಣಗಿದ್ದರೆ ನಾಲಿಗೆ ಮರಗಟ್ಟಿ ಬಾಳೆಯೂ ತಿಳಿಯದು, ಕೊತ್ತಂಬರಿಯೂ ತಿಳಿಯದು. 6ರಿಂದ 8 ಡಿಗ್ರಿ ಸರಿ. ಉದ್ದನೆಯ ಗಾಜಿನ ಲೋಟ ತಗೊಳ್ಳಿ, ಸೋಪಿನ ಪಸೆಯಾಗಲಿ ಎಣ್ಣೆ ಜಿಡ್ಡಾಗಲಿ ಇದ್ದರೆ ನೊರೆ ನಿಲ್ಲದು, ತಣ್ಣೀರಲ್ಲಿ ಒಮ್ಮೆ ಜಾಲಿಸಿ ಒದ್ದೆ ಇರುವಾಗಲೇ ಬಗ್ಗಿಸಿ. ಲೋಟ ಓರೆ ಹಿಡಿದು ಒಳಗೋಡೆಯ ಮೇಲೆ ನಿಧಾನ ಇಳಿಸಿ. ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಾಗ ನಿಲ್ಲಿಸಿ, ಬಾಟಲಿಯನ್ನು ಕಾಫಿ ಆರಿಸುವ ಹಾಗೆ ಸುತ್ತ ತಿರುಗಿಸಿ. ತಳದಲ್ಲಿ ಈಸ್ಟ್ ಕೂತಿದ್ದರೆ ಮೇಲೆದ್ದು ಗಸಿಯಾಗುತ್ತದೆ, ಅದನ್ನು ನೊರೆಯ ನಡುವಿಗೆ ಸುರಿಯಿರಿ. ಚಿನ್ನದ ಬಣ್ಣ ಕಣ್ಣೆದುರೇ ಮಬ್ಬಾಗಿ ಅಕ್ಕಚ್ಚಿನಂತೆ ಆಗುತ್ತದೆ. ಈಗ ಕುಡಿಯಬೇಡಿ, ಮೂಸಿ. ಬಾಳೆ, ಲವಂಗ ಬಂತೋ ಬವೇರಿಯಾ. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬಂತೋ ಬೆಲ್ಜಿಯಂ. ರಟ್ಟು ಬಂತೋ, ಬಚ್ಚಲಿಗೆ. ಲೋಟದ ಅಂಚಿಗೆ ನಿಂಬೆ ಹೋಳು ಸಿಕ್ಕಿಸಿ ಕೊಡುವ ಶೋಕಿ ಕೆಲವು ಕಡೆ ಇದೆ. ನನಗೆ ಒಗ್ಗದು, ನಿಂಬೆಯ ಎಣ್ಣೆಗೆ ನೊರೆ ಕುಸಿಯುತ್ತದೆ, ನಿಂಬೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ನೆಂಚಿಕೊಳ್ಳಲು ಏನು? ಖಾರದ ನಾಟಿಕೋಳಿ ಸಾರಿನ ಮುಂದೆ ಇದರ ಸೊಲ್ಲಡಗಿಹೋಗುತ್ತದೆ. ಚುಂಚನಕಟ್ಟೆ ಕಡೆಯ ಹೊಳೆ ಮೀನನ್ನು ಅರಿಶಿನ, ಉಪ್ಪು, ಸ್ವಲ್ಪವೇ ಖಾರದಪುಡಿ ಹಚ್ಚಿ ಕಾವಲಿಯಲ್ಲಿ ಹುರಿದದ್ದು ವಿಟ್‌ಬಿಯರಿಗೆ ಹೇಳಿ ಮಾಡಿಸಿದ ಜೋಡಿ. ಮೀನು ತಿನ್ನದವರಿಗೆ ಹೆಸರುಬೇಳೆ ಕೋಸಂಬರಿ. ಹೆಫೆವೈಟ್ಸನ್ ಆದರೆ ಬೇಯಿಸಿದ ಕಡಲೆಕಾಯಿ ಸಾಕು.

ಧಾನ್ಯದ ಮದ್ಯ ನಮ್ಮ ಸೀಮೆಗೆ ಪರಕೀಯ ಅಂದುಕೊಳ್ಳುವವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನು ಮರೆತಿದ್ದಾರೆ. 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಯಾದ ಟಿಬೆಟನ್ನರು ತಮ್ಮ ಜೊತೆಗೆ ಛಾಂಗ್ ಎಂಬ ಪಾನೀಯದ ಸಂಪ್ರದಾಯವನ್ನೂ ತಂದವರು. ಬೇಯಿಸಿದ ಬಾರ್ಲಿಗೆ ಹುದುಗಿನ ಬಿಲ್ಲೆ ಪುಡಿ ಮಾಡಿ ಬೆರೆಸಿ, ಬೆಚ್ಚಗೆ ಮುಚ್ಚಿಟ್ಟು, ನೀರು ಹಾಕಿ ಬಸಿದು ಕುಡಿಯುತ್ತಾರೆ. ಲೋಸರ್ ಹೊಸ ವರ್ಷಕ್ಕೆ ಅದು ಬೇಕೇಬೇಕು. ಹಾಪ್ಸ್ ಇಲ್ಲ, ನೊರೆ ಇಲ್ಲ, ಮಬ್ಬು ಬಿಳಿ ಬಣ್ಣ, ಹುಳಿ ಮೇಲೆ ಸಿಹಿ. ಹೂಗಾರ್ಡನ್ನಿನ ದೂರದ ಸಂಬಂಧಿ ಅಂದರೆ ತಪ್ಪಿಲ್ಲ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ಒಂದು ವಿಟ್‌ಬಿಯರ್, ಸಣ್ಣದು, ಫ್ರಿಜ್ಜಿನ ಒಳಗಿನದು, ಮೂರು ತಿಂಗಳ ಒಳಗಿನದು. ತಂದ ವಾರದಲ್ಲೇ ಮುಗಿಸಿ, ಇಬ್ಬರು ಹಂಚಿಕೊಂಡು. ಅಂಥ ತಾರೀಖು ಅಂಗಡಿಯಲ್ಲಿ ಸಿಗದೇ ಹೋದರೆ ಅವತ್ತು ಯಾವುದಾದರೂ ಮೈಲ್ಡ್ ಲಾಗರ್, ಅಂದರೆ ಮಾಮೂಲಿ ಬಾರ್ಲಿ ಬಿಯರ್, ತಗೊಂಡು ಬನ್ನಿ. ಹಳೇ ಗೋಧಿ ಬಿಯರಿಗಿಂತ ಹೊಸ ಲಾಗರ್ ಮೇಲು.